ಹುಯೆ ನಗರದ ರಾಜಸಮಾಧಿ: ‘ವಿನಯ’ವೆಂಬ ಅರಮನೆ

ರಾಜಮಹಾರಾಜರು ಕಟ್ಟಿಸಿದ ಕಟ್ಟಡಗಳನ್ನು ಕಂಡು ಬೆರಗಾಗುವುದು ಮನುಷ್ಯಸ್ವಭಾವವೇ ಸರಿ. ಆದರೆ ಬೆರಗಿನಲ್ಲಿಯೇ ನಿಂತುಬಿಟ್ಟವನು ಕಟ್ಟಡವನ್ನು ಅರ್ಧ ಮಾತ್ರ ನೋಡಿದಂತಾಯಿತು. ಕಲ್ಲನ್ನು ಹೊತ್ತವರು ಯಾರು? ತಗುಲಿದ ದ್ರವ್ಯವು ಯಾರ ಕಣಜದಿಂದ ಬಂದಿತು? ಗೋಡೆಗಳು ಏಳುತ್ತಿದ್ದಾಗ ದೇಶದ ಸ್ಥಿತಿಗತಿಗಳು ಹೇಗಿದ್ದುವು? ಈ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಪಡೆದ ಮೇಲೆಯೇ ಕಟ್ಟಡವು ನಮಗೆ ಪೂರ್ಣವಾಗಿ ಕಾಣಿಸತಕ್ಕದ್ದು. ವಿಯೆಟ್ನಾಂ ದೇಶದ ಹುಯೆ ನಗರದ ಬಳಿಯಲ್ಲಿ ತು ದುಕ್ ಎಂಬ ದೊರೆಯು ತಾನು ಬದುಕಿರುವಾಗಲೇ ತನಗಾಗಿ ಕಟ್ಟಿಸಿಕೊಂಡ ಸಮಾಧಿಯನ್ನು ನೋಡುವ ಅವಕಾಶವು ನಮಗೆ ಒದಗಿತು. ಈ ಮೂರು ಪ್ರಶ್ನೆಗಳಿಗೂ ಇಷ್ಟು ಸ್ಪಷ್ಟವಾಗಿ ಉತ್ತರವನ್ನು ಕೊಡುವ ರಾಜಭವನವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಅದರ ವೃತ್ತಾಂತವು ನಮ್ಮ ವಾಚಕರಿಗೂ, ಅದರಲ್ಲಿಯೂ ಅಧಿಕಾರದ ಸ್ಥಾನಗಳಲ್ಲಿರುವ ವಾಚಕರಿಗೂ, ಉಪಯುಕ್ತವಾದೀತೆಂದು ನಂಬಿ ಇಲ್ಲಿ ಬರೆಯುತ್ತೇವೆ.

ಗುಡ್ಡಗಳ ನಡುವಣ ರಾಜಧಾನಿ

ಹುಯೆ ನಗರವು ವಿಯೆಟ್ನಾಮಿನ ಮಧ್ಯಭಾಗದಲ್ಲಿದೆ. ಉತ್ತರದಲ್ಲಿ ಹನೋಯ್, ದಕ್ಷಿಣದಲ್ಲಿ, ಹಿಂದೆ ಸೈಗಾನ್ ಎನ್ನಿಸಿಕೊಳ್ಳುತ್ತಿದ್ದು ಈಗ ಹೋ ಚಿ ಮಿನ್ ಅವರ ಹೆಸರನ್ನು ಧರಿಸಿರುವ ಮಹಾನಗರ. ಇವೆರಡರ ನಡುವೆ, ‘ಪರಿಮಳ ನದಿ’ಯೆಂಬ ಚೆಲುವಾದ ಹೆಸರುಳ್ಳ ಹೊಳೆಯ ದಡದ ಮೇಲೆ ಹುಯೆ ನೆಲೆಸಿದೆ. ಬಹುಕಾಲದ ಒಳಜಗಳಗಳಿಂದ ಹರಿದು ಹಂಚಿಹೋಗಿದ್ದ ದೇಶವನ್ನು ಜಿಯಾ ಲಾಂಗ್ ಎಂಬವನು ೧೮೦೨ರಲ್ಲಿ ಒಂದುಗೂಡಿಸಿ, ಗುಯೆನ್ ರಾಜವಂಶವನ್ನು ಸ್ಥಾಪಿಸಿ, ಇಲ್ಲಿಂದ ಆಳತೊಡಗಿದನು. ಅಂದಿನಿಂದ, ೧೯೪೫ರ ಆಗಸ್ಟ್ ತಿಂಗಳಿನಲ್ಲಿ ಬಾವ್ ದಾಯ್ ಎಂಬ ಕಡೆಯ ಅರಸನು ಕೋಟೆಯ ದಕ್ಷಿಣದ್ವಾರದಲ್ಲಿ ಪ್ರಜೆಗಳ ಸಮಕ್ಷಮದಲ್ಲಿ ಸಿಂಹಾಸನವನ್ನು ತ್ಯಜಿಸುವವರೆಗೆ, ೧೪೩ ವರ್ಷಗಳಲ್ಲಿ ಈ ವಂಶದ ೧೩ ಮಂದಿ ಅರಸರು ಆಳಿಹೋದರು. ಆದರೆ ಅವರಲ್ಲಿ ಸ್ವತಂತ್ರರಾಗಿ ಆಳಿದವರು ಮೊದಲ ನಾಲ್ವರೇ ಎಂದು ಹೇಳಬೇಕು. ತು ದುಕ್ ದೊರೆಯು ಆ ನಾಲ್ಕನೆಯವನು.

ಊರ ಹೊರಗಿನ ಗುಡ್ಡಗಳ ನಡುವೆ ಏಳು ರಾಜಸಮಾಧಿಗಳಿವೆ. ಮನುಷ್ಯನಿಗೆ ಬದುಕು ತಂಗುವ ಚಾವಡಿ, ಮರಣವು ಮರಳಿ ಮನೆ ಸೇರುವುದು ಎಂಬುದು ಆ ದೇಶದ ಹಿರಿಯರ ಭಾವನೆ. ಆದುದರಿಂದ ಅರಸನಾದವನು ಪಟ್ಟಕ್ಕೆ ಬಂದ ಕೆಲವು ವರ್ಷಗಳಲ್ಲಿಯೇ ತನ್ನ ಸಮಾಧಿಗೆ ಸ್ಥಳವನ್ನು ಹುಡುಕಿಸುವುದು ವಾಡಿಕೆಯಾಗಿತ್ತು. ಸ್ಥಳವೆಂದರೆ ಯಾವುದೋ ಒಂದು ಸ್ಥಳವಲ್ಲ. ಎದುರಿಗೆ ತೆರೆಯಂತೆ ಒಂದು ಗುಡ್ಡವಿರಬೇಕು, ಮುಂದೆ ನೀರಿರಬೇಕು, ಗಾಳಿ ನೀರುಗಳ ಗತಿಯು ಶಾಸ್ತ್ರಕ್ಕೆ ಒಪ್ಪಬೇಕು. ನಮ್ಮಲ್ಲಿ ವಾಸ್ತುಶಾಸ್ತ್ರವನ್ನು ನೋಡುವಂತೆಯೇ ಅಲ್ಲಿ ಇದನ್ನು ನೋಡಬಲ್ಲ ಪಂಡಿತರು ಆಸ್ಥಾನದಲ್ಲಿರುತ್ತಿದ್ದರು. ತು ದುಕ್‌ನ ಅಜ್ಜನಾದ ಮಿನ್ ಮಾಂಗ್ ದೊರೆಯ ಸಮಾಧಿಯು ಸುಮಾರು ೭೦೦ ಮೀಟರುಗಳ ಒಂದೇ ನೇರವಾದ ಸಾಲಿನಲ್ಲಿ, ಬಾಗಿಲಿನ ಹಿಂದೆ ಬಾಗಿಲು, ಅಂಗಳದ ಹಿಂದೆ ಅಂಗಳವಾಗಿ, ನೂಲು ಹಿಡಿದು ಕಟ್ಟಿದಂತಿದೆ. ಆ ದೊರೆಯ ಕಟ್ಟುನಿಟ್ಟಿನ ಆಡಳಿತದ ಪ್ರತಿಬಿಂಬವೇ ಅದು. ಮೊಮ್ಮಗನದು ಬೇರೆ ರೀತಿ. ನೆಲವು ಬಾಗಿದಂತೆ ದಾರಿ ಬಾಗುತ್ತದೆ. ಕೊಳವು ಹರಡಿದಂತೆ ಮಂಟಪಗಳು ಹರಡುತ್ತವೆ. ಅಜ್ಜನದು ಆಡಳಿತಗಾರನ ಸಮಾಧಿ; ಮೊಮ್ಮಗನದು ಕವಿಯ ತೋಟ.

ಕೊಳ, ಮಂಟಪ, ಹೆಸರು

ನಗರದಿಂದ ನಾಲ್ಕೈದು ಮೈಲಿಗಳ ದೂರದಲ್ಲಿ, ದೇವದಾರುವಿನ ಜಾತಿಯ ಮರಗಳು ತುಂಬಿದ ಒಂದು ಕಣಿವೆಯಲ್ಲಿ, ಸುಮಾರು ೧೨ ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ೩೦ ಎಕರೆಯಷ್ಟು ನೆಲವನ್ನು ಪ್ರಾಕಾರದ ಗೋಡೆಯೊಂದು ಸುತ್ತುವರಿದಿದೆ. ಅದರೊಳಗೆ ಸುಮಾರು ೫೦ ಕಟ್ಟಡಗಳಿದ್ದುವು. ಬಾಗಿಲನ್ನು ದಾಟಿ ಇಟ್ಟಿಗೆ ಹಾಸಿದ ದಾರಿಯಲ್ಲಿ ನಡೆದರೆ ಮೊದಲು ಕಣ್ಣಿಗೆ ಬೀಳುವುದು ಸಮಾಧಿಯಲ್ಲ, ಕಮಲದ ಕೊಳ. ಅದರ ನಡುವೆ ಒಂದು ಕಿರುದ್ವೀಪ. ದಡದಲ್ಲಿ ನೀರಿನ ಮೇಲೆ ಚಾಚಿಕೊಂಡಂತೆ ಮರದ ಮಂಟಪ. ದೊರೆಯು ಅಲ್ಲಿ ಕುಳಿತು ಕವಿತೆಗಳನ್ನು ರಚಿಸುತ್ತಿದ್ದನು, ರಾಣೀವಾಸದವರೊಡನೆ ಕಾವ್ಯಗೋಷ್ಠಿ ನಡೆಸುತ್ತಿದ್ದನು. ದ್ವೀಪದಲ್ಲಿ ಸಣ್ಣ ಮಿಗಗಳನ್ನು ಬಿಟ್ಟು ಬೇಟೆಯಾಡುವುದೂ ಉಂಟಂತೆ. ಮರದ ಕಂಬಗಳ ನಡುವೆ ನಿಂತು ನೀರನ್ನು ನೋಡುತ್ತಿದ್ದರೆ ಮನಸ್ಸಿಗೆ ಒಂದು ಬಗೆಯ ಶಾಂತಿಯುಂಟಾಗುವುದನ್ನು ನಾವು ಮರೆಮಾಚುವುದಿಲ್ಲ. ಸೌಂದರ್ಯವನ್ನು ಸೌಂದರ್ಯವೆಂದು ಒಪ್ಪಿಕೊಳ್ಳದೆ ದೋಷವನ್ನೆಣಿಸಹೊರಟವನ ಮಾತಿಗೆ ಬೆಲೆಯಿಲ್ಲ.

ಕೊಳದ ಎದುರಿನ ಮೆಟ್ಟಿಲುಗಳನ್ನು ಹತ್ತಿದರೆ ಅರಮನೆಯ ಭಾಗ. ದೊರೆಯು ರಾಜಕಾರ್ಯಗಳನ್ನು ನೋಡುತ್ತಿದ್ದ ಚಾವಡಿಯು ಈಗ ಅವನ ಮತ್ತು ಪಟ್ಟದರಸಿಯ ಪೂಜಾಮಂದಿರವಾಗಿದೆ. ಅದರ ಹಿಂದಣ ಮನೆಯು ಮೊದಲು ಅವನ ವಸತಿಯಾಗಿದ್ದು, ಅನಂತರ ಅವನ ತಾಯಿಯಾದ ತು ದು ರಾಜಮಾತೆಯ ಪೂಜೆಗೆ ಮೀಸಲಾಯಿತು. ಪಕ್ಕದಲ್ಲಿ ಒಂದು ನಾಟಕಶಾಲೆಯಿದೆ. ವಿಯೆಟ್ನಾಮಿನಲ್ಲಿ ಉಳಿದುಬಂದಿರುವ ಹಳೆಯ ರಂಗಶಾಲೆಗಳಲ್ಲಿ ಅದೊಂದು. ಸಮಾಧಿಯಾಗಬೇಕಾದ ಸ್ಥಳದಲ್ಲಿ ಕಚೇರಿ, ಶಯನಗೃಹ, ನಾಟಕಶಾಲೆಗಳೇಕೆ ಎಂದು ವಾಚಕರು ಕೇಳಬಹುದು. ಸಾಯುವವರೆಗೆ ಇದು ದೊರೆಯ ಎರಡನೆಯ ಅರಮನೆಯಾಗಿರಬೇಕು, ಸತ್ತ ಮೇಲೆ ಸಮಾಧಿಯಾಗಬೇಕು ಎಂಬುದೇ ಮೊದಲಿನಿಂದಲೂ ಇದ್ದ ಏರ್ಪಾಡು. ಅರಮನೆಯ ಕೆಲಸವು ಮುಗಿದ ೧೮೬೭ರಿಂದ ಅವನು ಮೃತನಾದ ೧೮೮೩ರವರೆಗೆ, ೧೬ ವರ್ಷಗಳ ಕಾಲ, ಅವನು ಇಲ್ಲಿಗೆ ಮತ್ತೆ ಮತ್ತೆ ಬಂದು ಇದ್ದುಹೋಗುತ್ತಿದ್ದನು.

ಈ ಪ್ರಾಕಾರದೊಳಗೆ ನಡೆಯುವವನ ಕಿವಿಗೆ ಒಂದೇ ಶಬ್ದವು ಎಡೆಬಿಡದೆ ಬೀಳುತ್ತದೆ. ಬಾಗಿಲಿನ ಹೆಸರಿನಲ್ಲಿ ‘ಖಿಯೆಮ್’, ಕೊಳದ ಹೆಸರಿನಲ್ಲಿ ‘ಖಿಯೆಮ್’, ಮಂಟಪ, ದ್ವೀಪ, ಚಾವಡಿ, ನಾಟಕಶಾಲೆ, ಎಲ್ಲದರ ಹೆಸರಿನಲ್ಲಿಯೂ ‘ಖಿಯೆಮ್’. ಈ ಶಬ್ದಕ್ಕೆ ವಿನಯ, ನಮ್ರತೆ ಎಂದು ಅರ್ಥ. ೩೦ ಎಕರೆಗಳ ವಿನಯ! ಆದರೆ ಈ ಹೆಸರು ಮೊದಲಿನಿಂದ ಇದ್ದುದಲ್ಲ. ಕೆಲಸವು ಆರಂಭವಾದಾಗ ದೊರೆಯು ಇದಕ್ಕೆ ಕೊಟ್ಟಿದ್ದ ಹೆಸರು ‘ವಾನ್ ನಿಯೆನ್ ಕೋ’, ಎಂದರೆ ಹತ್ತುಸಾವಿರ ವರ್ಷಗಳ ಅಡಿಪಾಯ. ಹತ್ತುಸಾವಿರ ವರ್ಷಗಳ ಹೆಮ್ಮೆಯು ಎರಡೇ ವರ್ಷಗಳಲ್ಲಿ ವಿನಯವಾಗಿ ಮಾರ್ಪಟ್ಟುದು ಹೇಗೆಂಬುದೇ ಈ ಸಮಾಧಿಯ ನಿಜವಾದ ಕಥೆ.

ಗಾರೆ ಕುಟ್ಟುವ ಒನಕೆಗಳು

೧೮೬೪ರಲ್ಲಿ ಕೆಲಸವು ಮೊದಲಾಯಿತು. ಆರು ವರ್ಷಗಳಲ್ಲಿ ಆಗಬೇಕೆಂದು ಅಂದಾಜು ಮಾಡಿದ್ದ ಕೆಲಸವನ್ನು ಮೂರೇ ವರ್ಷಗಳಲ್ಲಿ ಮುಗಿಸಿಕೊಡುತ್ತೇವೆಂದು ಮೇಲ್ವಿಚಾರಣೆಯ ಅಧಿಕಾರಿಗಳು ದೊರೆಗೆ ಅರಿಕೆಮಾಡಿಕೊಂಡರು. ದೊರೆಯು ಸಂತೋಷಪಟ್ಟನು. ಮೇಲಿನವರ ಮೆಚ್ಚುಗೆಯನ್ನು ಗಳಿಸಲು ಇಂತಹ ಮಾತನ್ನು ಕೊಡುವ ಅಧಿಕಾರಿಯು ಯಾವ ದೇಶದಲ್ಲಿಲ್ಲ, ಯಾವ ಕಾಲದಲ್ಲಿಲ್ಲ? ಮಾತು ಅಧಿಕಾರಿಯದು, ಅದನ್ನು ನಡೆಸಿಕೊಡಬೇಕಾದ ಮೈ ಕೂಲಿಯವನದು. ಹಗಲಿನ ಕೆಲಸವು ಸಾಲದೆ ರಾತ್ರಿಯೂ ದುಡಿಸಿದರು. ಸಿಪಾಯಿಗಳನ್ನೂ ರೈತರನ್ನೂ ಹಿಡಿದುತಂದು ಬಿಟ್ಟಿಗೆ ಹಚ್ಚಿದರು. ಬೆತ್ತದ ಏಟು ಲೆಕ್ಕಕ್ಕಿರಲಿಲ್ಲ. ಆ ಗೋಡೆಗಳು ಯಾವ ಸಾಮಗ್ರಿಯಿಂದ ಎದ್ದಿವೆಯೆಂಬುದನ್ನು ಕುರಿತು ಕಟುವಾದ ಪದವೊಂದು ಜನರ ಬಾಯಲ್ಲಿ ಹುಟ್ಟಿತು. ಅದು ಇಂದಿಗೂ ಅಲ್ಲಿನ ಜನರಿಗೆ ನೆನಪಿದೆ.

೧೮೬೬ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಈ ಕೂಲಿಯವರು ದಂಗೆಯೆದ್ದರು. ದೋಆನ್ ಹೂ ತ್ರುಂಗ್ ಎಂಬ ತರುಣನು ತನ್ನ ಸೋದರರೊಡನೆ ಅವರ ಮುಂದಾಳಾದನು. ಅವರಲ್ಲಿ ಬಹುಮಂದಿಯ ಕೈಯಲ್ಲಿ ಕತ್ತಿಯಿರಲಿಲ್ಲ, ಕೋವಿಯಿರಲಿಲ್ಲ. ಗೋಡೆಗೆ ಬೇಕಾದ ಸುಣ್ಣದ ಗಾರೆಯನ್ನು ಕುಟ್ಟುತ್ತಿದ್ದ ಒನಕೆಗಳೇ ಆಯುಧಗಳಾದುವು. ಆ ದೇಶದ ಇತಿಹಾಸದಲ್ಲಿ ಇದಕ್ಕೆ ‘ಸುಣ್ಣದ ಒನಕೆಯ ದಂಗೆ’ ಎಂದೇ ಹೆಸರು. ಒನಕೆಗಳನ್ನು ಹಿಡಿದು ಅವರು ರಾಜಧಾನಿಗೆ ನಡೆದು ಅರಮನೆಯ ಪ್ರಾಕಾರವನ್ನೇ ಹೊಕ್ಕರು. ಆದರೆ ಅಲ್ಲಿ ಕಾವಲಿನವರು ಎಚ್ಚತ್ತು ಅವರನ್ನು ತಡೆದರು. ಬೆಳಗಾಗುವುದರೊಳಗೆ ಎಲ್ಲವೂ ಮುಗಿದುಹೋಯಿತು. ಮುಂದಾಳುಗಳಿಗೆ ಮರಣದಂಡನೆಯಾಯಿತು.

ಈ ದಂಗೆಯಲ್ಲಿ ಕೂಲಿಯವರ ಹೊಟ್ಟೆಯುರಿಯೊಂದೇ ಅಲ್ಲದೆ ಸಿಂಹಾಸನದ ವ್ಯಾಜ್ಯವೂ ಸೇರಿತ್ತೆಂಬುದನ್ನು ಹೇಳದಿದ್ದರೆ ನಾವು ಸತ್ಯಕ್ಕೆ ಅಪಚಾರ ಮಾಡಿದಂತಾಗುತ್ತದೆ. ತು ದುಕ್ ತನ್ನ ತಂದೆಗೆ ಹಿರಿಯ ಮಗನಲ್ಲ. ೧೮೪೭ರಲ್ಲಿ ತಂದೆಯಾದ ಥಿಯು ತ್ರಿ ದೊರೆಯು ಮೃತನಾದಾಗ ಹಿರಿಯನಾದ ಹೋಂಗ್ ಬಾವ್‌ನನ್ನು ಬಿಟ್ಟು ೧೮ ವರ್ಷದ ಕಿರಿಯವನಿಗೆ ಪಟ್ಟಕಟ್ಟಿದರು. ಹಿರಿಯನು ಪಿತೂರಿಯ ಆರೋಪಕ್ಕೊಳಗಾಗಿ ೧೮೫೪ರಲ್ಲಿ ಸೆರೆಯಲ್ಲಿಯೇ ಪ್ರಾಣಬಿಟ್ಟನು. ಅವನ ಮಗನಾದ ದಿನ್ ದಾವ್‌ನನ್ನು ಪಟ್ಟಕ್ಕೆ ತರಬೇಕೆಂಬುದು ದಂಗೆಕೋರರ ಉದ್ದೇಶವಾಗಿತ್ತು. ಆ ತರುಣನೂ ಬಲಿಯಾದನು. ಆದರೆ ಪಟ್ಟದ ವ್ಯಾಜ್ಯವೆಂಬುದು ಎಲ್ಲ ರಾಜಮನೆತನಗಳಲ್ಲಿಯೂ ಇದ್ದುದೇ. ಅದಕ್ಕಾಗಿ ಸಾವಿರಾರು ಮಂದಿ ಒನಕೆ ಹಿಡಿದು ಹೊರಡಬೇಕಾದರೆ, ಆ ಒನಕೆಯನ್ನು ಹಿಡಿಸಿದ ಬಿಟ್ಟಿಯು ಮೊದಲು ಇರಬೇಕು. ಈ ಘಟನೆಯಿಂದ ದೊರೆಯು ಬೆಚ್ಚಿದನು. ಜನರ ಸಮಾಧಾನಕ್ಕಾಗಿ ಅಡಿಪಾಯದ ಹೆಸರನ್ನು ತೆಗೆದು ವಿನಯದ ಹೆಸರನ್ನಿಟ್ಟನು. ಹೆಸರು ಬದಲಾಯಿತು, ಕೆಲಸವು ಮಾತ್ರ ನಿಲ್ಲದೆ ಮುಂದುವರಿಯಿತು.

ಅದೇ ವರ್ಷಗಳಲ್ಲಿ ದೇಶದ ಸ್ಥಿತಿ

ಇನ್ನು ಮೂರನೆಯ ಪ್ರಶ್ನೆಗೆ ಬರೋಣ. ೧೮೫೮ರಲ್ಲಿ ಫ್ರೆಂಚರೂ ಸ್ಪೇನಿನವರೂ ಸೇರಿ ದಾ ನಾಂಗ್ ರೇವಿನ ಮೇಲೆ ಫಿರಂಗಿ ಹಾರಿಸಿದರು. ಕ್ರೈಸ್ತಪಾದ್ರಿಗಳಿಗೂ ಅವರ ಮತವನ್ನು ಹಿಡಿದ ಪ್ರಜೆಗಳಿಗೂ ದೊರೆಯು ಕೊಟ್ಟ ಹಿಂಸೆಯು ಅವರಿಗೆ ನೆವವಾಯಿತು. ಹಿಂಸೆಯು ನಿಜವೇ, ಆದರೆ ನೆವವೆಂಬುದೂ ಅಷ್ಟೇ ನಿಜ. ೧೮೫೯ರಲ್ಲಿ ಸೈಗಾನ್ ಹೋಯಿತು. ೧೮೬೨ರ ಕೌಲಿನ ಪ್ರಕಾರ ದಕ್ಷಿಣದ ಮೂರು ಪೂರ್ವ ಪ್ರಾಂತಗಳನ್ನು ಫ್ರೆಂಚರಿಗೆ ಒಪ್ಪಿಸಿದ್ದಲ್ಲದೆ, ಯುದ್ಧದ ದಂಡವಾಗಿ ೪೦ ಲಕ್ಷ ಪಿಯಾಸ್ಟರುಗಳನ್ನು ಹತ್ತು ವರ್ಷಗಳಲ್ಲಿ ತೆರಲು ಒಪ್ಪಬೇಕಾಯಿತು. ಆ ಕೌಲಿನ ಮಾತುಕತೆಯಾಡಿದ ವೃದ್ಧ ಮಂತ್ರಿ ಫಾನ್ ಥಾನ್ ಜಿಯಾನ್ ಮರುವರ್ಷ ಕಡಲು ದಾಟಿ ಪ್ಯಾರಿಸಿಗೆ ಹೋಗಿ, ಹೋದ ಪ್ರಾಂತಗಳನ್ನು ಬಿಡಿಸಿಕೊಳ್ಳಲು ಬೇಡಿದನು, ಫಲವಾಗಲಿಲ್ಲ. ೧೮೬೭ರಲ್ಲಿ ಫ್ರೆಂಚರು ಉಳಿದ ಮೂರು ಪಶ್ಚಿಮ ಪ್ರಾಂತಗಳನ್ನೂ ಕಸಿದುಕೊಂಡಾಗ, ಅವುಗಳ ಅಧಿಪತಿಯಾಗಿದ್ದ ಆ ವೃದ್ಧನು ವ್ಯರ್ಥವಾದ ರಕ್ತಪಾತವನ್ನು ತಪ್ಪಿಸಿ ಕೋಟೆಗಳನ್ನು ಒಪ್ಪಿಸಿ, ತಾನು ಉಪವಾಸವಿದ್ದು ಕಡೆಗೆ ವಿಷವನ್ನು ಸೇವಿಸಿ ಪ್ರಾಣಬಿಟ್ಟನು.

ವಾಚಕರು ಈ ವರ್ಷಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕು. ದಂಡದ ಕಂತುಗಳನ್ನು ತೆರುತ್ತಿದ್ದ ವರ್ಷಗಳು ಯಾವುವೋ ಕೊಳವನ್ನು ತೋಡುತ್ತಿದ್ದ ವರ್ಷಗಳೂ ಅವೇ. ದಕ್ಷಿಣದೇಶವೆಲ್ಲವೂ ಕೈಬಿಟ್ಟುಹೋದ ೧೮೬೭ನೆಯ ಇಸವಿಯಲ್ಲಿಯೇ ವಿನಯದ ಅರಮನೆಯು ಸಂಪೂರ್ಣವಾಯಿತು. ಅನ್ನದ ಕಣಜವೆನ್ನಿಸಿದ ದಕ್ಷಿಣದ ಆರು ಪ್ರಾಂತಗಳು ಹೋದುವು. ೩೦ ಎಕರೆಗಳ ತೋಟವು ಸಿದ್ಧವಾಯಿತು.

ಎಚ್ಚರಿಸುವವರಿರಲಿಲ್ಲವೆ? ಇದ್ದರು. ಗುಯೆನ್ ತ್ರೂಂಗ್ ತೋ ಎಂಬ ವಿದ್ವಾಂಸನು ಯುರೋಪನ್ನು ಕಣ್ಣಾರೆ ನೋಡಿಬಂದವನು. ಮತದಿಂದ ಕ್ರೈಸ್ತನಾದರೂ ದೇಶಭಕ್ತಿಯಲ್ಲಿ ಯಾರಿಗೂ ಕಡಮೆಯಾದವನಲ್ಲ. ೧೮೬೩ರಿಂದ ೧೮೭೧ರಲ್ಲಿ ತಾನು ಸಾಯುವವರೆಗೂ ಅವನು ದೊರೆಗೆ ಒಂದರ ಮೇಲೊಂದರಂತೆ ಬಿನ್ನವತ್ತಳೆಗಳನ್ನು ಬರೆದನು. ಶಾಲೆಗಳಲ್ಲಿ ಹಳೆಯ ಪದ್ಯಗಳ ಜೊತೆಗೆ ವ್ಯವಸಾಯ, ಗಣಿ, ಯಂತ್ರ, ಕಾನೂನುಗಳನ್ನು ಕಲಿಸಿರಿ. ಸೈನ್ಯವನ್ನು ಹೊಸದಾಗಿ ತಿದ್ದಿರಿ. ಅಧಿಕಾರಿಗಳ ಸಂಖ್ಯೆಯನ್ನು ಕಡಮೆಮಾಡಿ ಉಳಿದವರಿಗೆ ಬದುಕುವಷ್ಟು ಸಂಬಳ ಕೊಡಿರಿ, ಆಗ ಲಂಚವು ಇಳಿಯುತ್ತದೆ. ಪರದೇಶಗಳೊಡನೆ ವ್ಯಾಪಾರಕ್ಕೂ ಸ್ನೇಹಕ್ಕೂ ಬಾಗಿಲು ತೆರೆಯಿರಿ. ಇವೇ ಅವನ ಸಲಹೆಗಳ ಸಾರಾಂಶ. ಇವನ್ನು ದೊರೆಯು ಓದಲಿಲ್ಲವೆನ್ನುವಂತಿಲ್ಲ. ಓದಿದನು, ಆಸ್ಥಾನದ ಪಂಡಿತರಿಗೆ ಕಳುಹಿಸಿದನು. ಅವರು ಚರ್ಚಿಸಿ ಅಭಿಪ್ರಾಯ ಬರೆದರು. ಸಲಹೆಗಳು ಕಡತಗಳನ್ನು ಸೇರಿ ಅಲ್ಲಿಯೇ ಮಲಗಿದುವು. ಅದೇ ಕಾಲದಲ್ಲಿ ಜಪಾನು ದೇಶದಲ್ಲಿ ೧೮೬೮ರ ಹೊಸ ಆಡಳಿತವು ಇಂತಹ ಸಲಹೆಗಳನ್ನೇ ಶಾಸನಗಳನ್ನಾಗಿ ಮಾಡಿತು. ಎರಡು ದೇಶಗಳ ಮುಂದಿನ ಅದೃಷ್ಟದಲ್ಲಿ ಉಂಟಾದ ಅಂತರಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಕಡತಕ್ಕೂ ಶಾಸನಕ್ಕೂ ಇರುವ ಅಂತರವು ಅವುಗಳಲ್ಲೊಂದೆಂಬುದು ನಿಸ್ಸಂದೇಹ.

ದೊರೆಯೇ ಬರೆದ ಶಿಲಾಶಾಸನ

ತು ದುಕ್ ಕೆಟ್ಟವನಾಗಿದ್ದನೆ? ಹಾಗೆಂದು ಹೇಳಲು ನಮಗೆ ಮನಸ್ಸಿಲ್ಲ. ಅವನು ಪಂಡಿತ, ಕವಿ, ಸಾವಿರಾರು ಪದ್ಯಗಳನ್ನು ಬರೆದವನು. ತಾಯಿಯಲ್ಲಿ ಅವನಿಗಿದ್ದ ಭಕ್ತಿಯು ಆ ದೇಶದಲ್ಲಿ ಗಾದೆಯಾಗಿದೆ. ಒಮ್ಮೆ ಬೇಟೆಗೆ ಹೋಗಿ ನೆರೆ ಬಂದು ತಡವಾಗಿ ಮರಳಿದುದಕ್ಕಾಗಿ ತಾಯಿಯ ಮುಂದೆ ಬೆತ್ತವನ್ನಿಟ್ಟು ದಂಡನೆಗೆ ಬೆನ್ನೊಡ್ಡಿ ಮಲಗಿದನೆಂದು ಹೇಳುತ್ತಾರೆ. ಆ ತಾಯಿಯ ಹೆಸರನ್ನು ಇಂದು ಹೋ ಚಿ ಮಿನ್ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯೊಂದು ಧರಿಸಿದೆ. ಸಿಡುಬಿನಿಂದ ಚಿಕ್ಕಂದಿನಲ್ಲಿಯೇ ಅವನ ಆರೋಗ್ಯವು ಕೆಟ್ಟಿತ್ತು. ನೂರಕ್ಕೂ ಮಿಕ್ಕ ಮಡದಿಯರಿದ್ದರೂ ಒಂದು ಸಂತಾನವಾಗಲಿಲ್ಲ. ಸೋದರರ ಮಕ್ಕಳು ಮೂವರನ್ನು ದತ್ತು ತೆಗೆದುಕೊಂಡನು.

ಸಂತಾನವಿಲ್ಲದ ಈ ಸಂಗತಿಯಿಂದಲೇ ಸಮಾಧಿಯಲ್ಲಿ ನೋಡತಕ್ಕ ಮುಖ್ಯವಸ್ತುವು ಹುಟ್ಟಿತು. ಅರಸನು ಮೃತನಾದ ಮೇಲೆ ಅವನ ಗುಣಕೀರ್ತನೆಯನ್ನು ಮಗನು ಬರೆದು ಕಲ್ಲಿನಲ್ಲಿ ಕೆತ್ತಿಸುವುದು ಆ ವಂಶದ ಪದ್ಧತಿ. ಮಿನ್ ಮಾಂಗ್‌ನದನ್ನು ಥಿಯು ತ್ರಿ ಬರೆದನು. ಥಿಯು ತ್ರಿಯದನ್ನು ತು ದುಕ್ ಬರೆದನು. ತು ದುಕ್‌ನದನ್ನು ಬರೆಯುವವರಾರು? ತಾನೇ ಬರೆದನು. ಕಲ್ಲಿನ ಆನೆ, ಕುದುರೆ, ಮಂತ್ರಿ, ಸೇನಾನಿಗಳು ಎರಡು ಸಾಲಾಗಿ ನಿಂತ ಅಂಗಳವನ್ನು ದಾಟಿ ಹೋದರೆ, ದಪ್ಪವಾದ ಗೋಡೆಗಳ ಮಂಟಪವೊಂದರಲ್ಲಿ ಆ ಶಾಸನವು ನಿಂತಿದೆ. ಸುಮಾರು ೨೦ ಟನ್ನು ತೂಕದ ಒಂದೇ ಕಲ್ಲು; ೪,೯೩೫ ಚೀನೀ ಅಕ್ಷರಗಳು. ಮಗನು ಬರೆದಿದ್ದರೆ ಹೊಗಳಿಕೆಯೇ ತುಂಬಿರುತ್ತಿತ್ತು. ತಾನೇ ಬರೆದುಕೊಂಡುದರಿಂದ ದೊರೆಯು ತನ್ನ ಅನಾರೋಗ್ಯವನ್ನೂ, ರಾಜ್ಯಕ್ಕೆ ಬಂದ ವಿಪತ್ತುಗಳನ್ನೂ, ತನ್ನ ಕೈಯಿಂದಾದ ತಪ್ಪುಗಳನ್ನೂ ಅದರಲ್ಲಿ ನಿವೇದಿಸಿಕೊಂಡಿದ್ದಾನೆ. ತನ್ನ ದೋಷಗಳನ್ನು ತನ್ನ ಗೋರಿಯ ಮುಂದೆಯೇ ಕೆತ್ತಿಸಿಟ್ಟ ರಾಜರು ಲೋಕದಲ್ಲಿ ವಿರಳ. ಆ ಕಲ್ಲಿನ ಮುಂದೆ ನಾವು ಗೌರವದಿಂದಲೇ ನಿಂತೆವು.

ಆದರೂ ಒಂದು ಮಾತನ್ನು ಹೇಳಲೇಬೇಕು. ಈ ಕಲ್ಲನ್ನು ಬಹುದೂರದ ಕಲ್ಲುಗಣಿಯಿಂದ ಇಲ್ಲಿಗೆ ಸಾಗಿಸಿ ತರಲು ನಾಲ್ಕು ವರ್ಷಗಳು ಹಿಡಿದುವೆಂದು ಹೇಳುತ್ತಾರೆ. ಎಳೆದವರು ಯಾರು? ಪ್ರಜೆಗಳನ್ನು ದುಡಿಸಿದ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಮತ್ತೆ ಪ್ರಜೆಗಳನ್ನೇ ದುಡಿಸಬೇಕಾಯಿತು! ಪಶ್ಚಾತ್ತಾಪವು ದೊಡ್ಡ ಗುಣ. ಆದರೆ ಮನೆಯಲ್ಲಿ ಮುಗಿಯಬಹುದಾದ ಪಶ್ಚಾತ್ತಾಪವು ರಾಜ್ಯದಲ್ಲಿ ಮುಗಿಯುವುದಿಲ್ಲ. ಅಧಿಕಾರದಲ್ಲಿರುವವನು ತಪ್ಪಿಗೆ ಮರುಗುವುದಲ್ಲದೆ ಅದನ್ನು ತಿದ್ದಬೇಕು. ತಿದ್ದುವ ಶಕ್ತಿಯು ಅವನ ಕೈಯಲ್ಲಿತ್ತಲ್ಲವೆ? ೪,೯೩೫ ಅಕ್ಷರಗಳನ್ನು ಬರೆಯಬಲ್ಲ ಕೈಯು ಗುಯೆನ್ ತ್ರೂಂಗ್ ತೋವಿನ ಬಿನ್ನವತ್ತಳೆಗಳ ಮೇಲೆ ‘ಹಾಗೆಯೇ ಆಗಲಿ’ ಎಂದು ಬರೆದು ಒಂದು ರುಜುವನ್ನು ಹಾಕಬಹುದಾಗಿತ್ತು.

ಶಾಸನದ ಆಚೆಗೆ ಅರ್ಧಚಂದ್ರಾಕಾರದ ಕೊಳ, ಅದರಾಚೆಗೆ ಇಟ್ಟಿಗೆಯ ಗೋಡೆಯೊಳಗೆ ಗೋರಿ. ದೊರೆಯ ದೇಹವು ನಿಜವಾಗಿ ಅಲ್ಲಿಲ್ಲ, ಗುಪ್ತವಾದ ಸ್ಥಳದಲ್ಲಿ ಹೂಳಿ, ಹೂಳಿದ ಇನ್ನೂರು ಮಂದಿಯ ತಲೆಗಳನ್ನು ಹಾರಿಸಿದರು ಎಂಬ ಮಾತೊಂದು ಜನರಲ್ಲಿದೆ. ಪ್ರವಾಸಿಕರಿಗೆ ಈ ಕಥೆಯು ಬಹಳ ರುಚಿಸುತ್ತದೆ. ದಂತಕಥೆಯನ್ನು ಇತಿಹಾಸವೆಂದು ನಾವು ಎತ್ತಿಹಿಡಿಯುವುದಿಲ್ಲ. ಆದರೆ ಅರಸನ ಹೆಸರಿನೊಡನೆ ಇಂತಹ ಕಥೆಯು ಹುಟ್ಟಿ ಇಷ್ಟು ಕಾಲ ಉಳಿದುದರಿಂದಲೇ ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೆಂಬುದು ವ್ಯಕ್ತವಾಗುತ್ತದೆ.

ಅನಂತರ ಆದುದು

೧೮೮೩ರ ಜುಲೈ ತಿಂಗಳಿನಲ್ಲಿ ತು ದುಕ್ ಮೃತನಾದನು. ಸುಮಾರು ಒಂದು ತಿಂಗಳಿನಲ್ಲಿ ಫ್ರೆಂಚ್ ನೌಕೆಗಳು ಹುಯೆಯ ಅಳಿವೆಯ ಕೋಟೆಗಳನ್ನು ಹೊಡೆದುರುಳಿಸಿದುವು. ಆಗಸ್ಟಿನಲ್ಲಿ ದೇಶವು ಫ್ರೆಂಚರ ‘ರಕ್ಷಣೆ’ಗೆ ಒಳಪಡುವ ಕೌಲಿಗೆ ರುಜು ಬಿದ್ದಿತು. ಒಂದು ವರ್ಷದಲ್ಲಿ ಮೂವರು ಅರಸರು ಬಂದುಹೋದರು. ಅವರಲ್ಲಿ ಹುಡುಗನಾಗಿಯೇ ಸತ್ತ ಕಿಯೆನ್ ಫುಕ್ ದತ್ತುತಂದೆಯ ಪ್ರಾಕಾರದಲ್ಲಿಯೇ ಮಣ್ಣಾಗಿದ್ದಾನೆ. ೧೮೮೫ರಲ್ಲಿ ಬಾಲರಾಜನಾದ ಹಾಮ್ ನ್ಘಿ ಕಾಡನ್ನು ಸೇರಿ ಫ್ರೆಂಚರ ವಿರುದ್ಧ ಕಹಳೆಯೂದಿಸಿ, ಸೆರೆಸಿಕ್ಕಿ, ಆಫ್ರಿಕದ ಅಲ್ಜೀರಿಯಕ್ಕೆ ಗಡೀಪಾರಾದನು. ೧೯೧೬ರಲ್ಲಿ ದುಯ್ ತಾನ್ ಎಂಬ ಇನ್ನೊಬ್ಬ ಎಳೆಯ ಅರಸನು ದಂಗೆಯಲ್ಲಿ ಕೂಡಿ ರಿಯೂನಿಯನ್ ದ್ವೀಪಕ್ಕೆ ಹೋಗಬೇಕಾಯಿತು. ಅವನ ಅಸ್ಥಿಗಳು ತಾಯ್ನಾಡಿಗೆ ಮರಳಿದುದು ೧೯೮೭ರಲ್ಲಿ.

ಫ್ರೆಂಚರಿಗೆ ಒಪ್ಪಿದ ಅರಸರಿಗೆ ಮಾತ್ರ ಸಮಾಧಿಗೆ ಕೊರತೆಯಿರಲಿಲ್ಲ. ಖಾಯ್ ದಿನ್ ಎಂಬವನ ಸಮಾಧಿಯನ್ನು ೧೯೨೦ರಿಂದ ೧೯೩೧ರವರೆಗೆ, ಅವನು ಸತ್ತ ಮೇಲೆಯೂ, ಕಟ್ಟಿದರು. ೧೨೭ ಮೆಟ್ಟಿಲುಗಳನ್ನು ಹತ್ತಬೇಕು. ಕಬ್ಬಿಣ, ಸಿಮೆಂಟು ಫ್ರಾನ್ಸಿನಿಂದ ಬಂದುವು. ಒಳಗಿನ ಗೋಡೆಗಳಿಗೆಲ್ಲ ಪಿಂಗಾಣಿ, ಗಾಜಿನ ಚೂರುಗಳ ಕುಸುರಿ. ವೆಚ್ಚಕ್ಕಾಗಿ ಪ್ರಜೆಗಳ ಮೇಲೆ ತೆರಿಗೆಯನ್ನು ಹೆಚ್ಚಿಸಿದರು. ಆದರೆ ಈ ವೇಳೆಗೆ ಕಾಲವು ಬದಲಾಗಿತ್ತು. ೧೯೨೨ರಲ್ಲಿ ಈ ದೊರೆಯು ಫ್ರಾನ್ಸಿನ ವಸಾಹತು ಪ್ರದರ್ಶನಕ್ಕೆ ಹೋದಾಗ, ಅಲ್ಲಿದ್ದ ಫಾನ್ ಚೌ ತ್ರಿನ್ ಎಂಬ ದೇಶಭಕ್ತರು ಅವನ ಏಳು ಅಪರಾಧಗಳನ್ನು ಎಣಿಸಿ ಅವನಿಗೇ ಬಹಿರಂಗಪತ್ರವನ್ನು ಬರೆದರು. ಮುಂದೆ ಹೋ ಚಿ ಮಿನ್ ಎಂದು ಲೋಕವಿಖ್ಯಾತರಾದ ತರುಣರು ಅವನನ್ನು ಹಾಸ್ಯಮಾಡಿ ನಾಟಕವನ್ನೇ ಬರೆದರು. ತು ದುಕ್‌ನ ಕಾಲದಲ್ಲಿ ಒನಕೆಯೊಂದೇ ಪ್ರಜೆಗಳ ಕೈಯಲ್ಲಿತ್ತು. ಖಾಯ್ ದಿನ್‌ನ ಕಾಲಕ್ಕೆ ಲೇಖನಿಯೂ ಬಂದಿತ್ತು.

ಹುಯೆಗೆ ಹೋಗುವವರು ರಾಜಸಮಾಧಿಗಳನ್ನು ನೋಡಿದ ಮೇಲೆ ಅದೇ ಊರಿನ ಇನ್ನೊಂದು ಸಮಾಧಿಯನ್ನು ತಪ್ಪದೆ ನೋಡಬೇಕೆಂದು ನಾವು ಹೇಳುತ್ತೇವೆ. ಸ್ವಾತಂತ್ರ್ಯಕ್ಕಾಗಿ ಜಪಾನು, ಚೀನಾಗಳಲ್ಲಿ ಅಲೆದ ಫಾನ್ ಬೋಯ್ ಚೌ ಅವರನ್ನು ಫ್ರೆಂಚರು ೧೯೨೫ರಲ್ಲಿ ಷಾಂಘೈಯಲ್ಲಿ ಹಿಡಿದು ಹನೋಯ್‌ಗೆ ತಂದು ಜೀವಾವಧಿ ಶಿಕ್ಷೆ ವಿಧಿಸಿದರು. ದೇಶವೆಲ್ಲ ಎದ್ದು ಪ್ರತಿಭಟಿಸಿದುದರಿಂದ ಶಿಕ್ಷೆಯನ್ನು ಬದಲಿಸಿ ಹುಯೆಯಲ್ಲಿ ಕಾವಲಿನಲ್ಲಿಟ್ಟರು. ಜನರು ಹಣ ಕೂಡಿಸಿ ಒದಗಿಸಿಕೊಟ್ಟ ಹುಲ್ಲುಮಾಡಿನ ಮನೆಯಲ್ಲಿ ಅವರು ೧೯೪೦ರಲ್ಲಿ ತೀರಿಹೋಗುವವರೆಗೆ ಇದ್ದರು. ಆ ತೋಟದಲ್ಲಿಯೇ ಅವರ ಸಮಾಧಿಯಿದೆ. ತಮ್ಮನ್ನು ನಂಬಿದ್ದ ಎರಡು ನಾಯಿಗಳಿಗೂ ಅಲ್ಲಿ ಗೋರಿ ಕಟ್ಟಿಸಿದ್ದಾರೆ. ಅವರ ಜೊತೆಗಾರರಾದ ಹುಯ್ನ್ ಥುಕ್ ಖಾಂಗ್ ಅವರು ಅದೇ ಊರಿನಲ್ಲಿ ೧೯೨೭ರಿಂದ ೧೯೪೩ರವರೆಗೆ ‘ಜನವಾಣಿ’ ಎಂಬ ಅರ್ಥದ ಹೆಸರಿನ ಪತ್ರಿಕೆಯನ್ನು ಪರಾಧೀನಸರಕಾರದ ಕಣ್ಣೆದುರಿಗೇ ನಡೆಸಿದರು. ಇಲ್ಲಿ ಬಿಟ್ಟಿಯಿಲ್ಲ, ಬೆತ್ತವಿಲ್ಲ. ಕೊಟ್ಟ ಕಾಸೆಲ್ಲವೂ ಮನಸಾರೆ ಕೊಟ್ಟುದು.

ಕಾಪಾಡುವುದು ಸರಿಯೆ?

ದೇಶವನ್ನು ಕಳೆದ ಅರಸರ ಸಮಾಧಿಗಳನ್ನು ಸ್ವತಂತ್ರವಾದ ಜನಾಂಗವು ಪ್ರಜೆಗಳ ಹಣದಿಂದ ಏಕೆ ಕಾಪಾಡಬೇಕೆಂದು ಕೇಳುವವರುಂಟು. ವಿಯೆಟ್ನಾಮಿನಲ್ಲಿಯೂ ಒಂದು ಕಾಲಕ್ಕೆ ಈ ಉದಾಸೀನವಿತ್ತು. ೧೯೪೭ರ ಕಾಳಗಗಳಲ್ಲಿಯೂ ೧೯೬೮ರ ಘೋರವಾದ ಯುದ್ಧದಲ್ಲಿಯೂ ಹುಯೆಯ ಅರಮನೆಗಳು ಬಹುಮಟ್ಟಿಗೆ ಹಾಳಾದುವು. ಮಳೆ, ಗೆದ್ದಲುಗಳು ಉಳಿದುದನ್ನು ತಿನ್ನುತ್ತಿದ್ದುವು. ೧೯೮೧ರಲ್ಲಿ ಯುನೆಸ್ಕೋ ಸಂಸ್ಥೆಯು ಹುಯೆಯನ್ನು ಉಳಿಸಿರೆಂದು ಲೋಕಕ್ಕೆ ಕರೆಕೊಟ್ಟಿತು. ೧೯೯೩ರಲ್ಲಿ ಅಲ್ಲಿನ ಸ್ಮಾರಕಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ವಿಯೆಟ್ನಾಮಿಗೆ ಆ ಗೌರವವು ದೊರೆತುದು ಅದೇ ಮೊದಲು. ಭಾರತೀಯರಾದ ನಮಗೂ ಈ ಕಾರ್ಯದಲ್ಲಿ ಒಂದು ಪಾಲಿದೆ. ಹುಯೆಯ ದಕ್ಷಿಣಕ್ಕೆ ಮಿ ಸನ್ ಎಂಬಲ್ಲಿ, ಸಂಸ್ಕೃತದಲ್ಲಿ ಶಾಸನ ಬರೆಸಿ ಶಿವನನ್ನು ಭದ್ರೇಶ್ವರನೆಂದು ಪೂಜಿಸುತ್ತಿದ್ದ ಚಂಪಾ ರಾಜ್ಯದ ದೇವಾಲಯಗಳಿವೆ. ಆ ರಾಜ್ಯದ ಕಡೆಯ ತುಣುಕನ್ನು ೧೮೩೨ರಲ್ಲಿ ನುಂಗಿದವನು ತು ದುಕ್‌ನ ಅಜ್ಜನಾದ ಮಿನ್ ಮಾಂಗನೇ. ಆ ದೇವಾಲಯಗಳ ಜೀರ್ಣೋದ್ಧಾರದಲ್ಲಿ ನಮ್ಮ ಪುರಾತತ್ತ್ವ ಇಲಾಖೆಯವರು ಕೆಲಸ ಮಾಡಿದ್ದಾರೆ; ೨೦೨೦ರಲ್ಲಿ ಅವರಿಗೆ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಅಲ್ಲಿ ದೊರೆಯಿತು.

ಕಾಪಾಡುವುದು ಸರಿಯೆಂದೇ ನಮ್ಮ ಮತ. ಸಮಾಧಿಯು ಅರಸನ ಸ್ವತ್ತಲ್ಲ, ಕಟ್ಟಿದವರ ಸ್ವತ್ತು. ಅದನ್ನು ಕೆಡವಿದರೆ ಅರಸನಿಗೆ ನಷ್ಟವಿಲ್ಲ. ಗಾರೆ ಕುಟ್ಟಿದವನ ಬೆವರಿಗೆ ಉಳಿದಿರುವ ಒಂದೇ ಸಾಕ್ಷಿಯು ಹೋಗುತ್ತದೆ. ಆದರೆ ಕಾಪಾಡುವವರು ಕಲ್ಲನ್ನು ಮಾತ್ರವಲ್ಲದೆ ಕಥೆಯನ್ನೂ ಕಾಪಾಡಬೇಕು. ಕಮಲದ ಕೊಳದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಕನಿಗೆ ದೊರೆಯ ಕವಿತೆಯ ಜೊತೆಗೆ ೧೮೬೬ರ ರಾತ್ರಿಯೂ ತಿಳಿಯಬೇಕು. ಹುಯೆ ನಗರದಲ್ಲಿ ಇಂದು ದೋಆನ್ ಹೂ ತ್ರುಂಗನ ಹೆಸರಿನ ಬೀದಿಯೊಂದಿದೆ. ಮರಣದಂಡನೆಗೆ ಗುರಿಯಾದವನ ಹೆಸರನ್ನು ಬೀದಿಗಿಟ್ಟು, ದಂಡಿಸಿದವನ ಸಮಾಧಿಯನ್ನೂ ಗುಡಿಸಿ ಸಾರಿಸಿ ಇಟ್ಟುಕೊಂಡಿರುವ ಜನಾಂಗದ ವಿವೇಕವನ್ನು ನಾವು ಮೆಚ್ಚುತ್ತೇವೆ.

ಅರಸರ ಕಾಲವು ಅಲ್ಲಿಯೂ ಹೋಯಿತು, ಇಲ್ಲಿಯೂ ಹೋಯಿತು. ಆದರೆ ಸಾರ್ವಜನಿಕರ ಹಣದಿಂದ ಕಟ್ಟಡಗಳು ಏಳುವುದು ನಿಂತಿಲ್ಲ. ಆರು ವರ್ಷದ ಕೆಲಸವನ್ನು ಮೂರು ವರ್ಷಗಳಲ್ಲಿ ಮುಗಿಸುತ್ತೇವೆಂದು ಮೇಲಿನವರಿಗೆ ಮಾತುಕೊಡುವವರೂ ಇಲ್ಲದೆ ಹೋಗಿಲ್ಲ. ಒಳ್ಳೆಯ ಸಲಹೆಗಳು ಕಡತದಲ್ಲಿ ಮಲಗುವುದೂ ತಪ್ಪಿಲ್ಲ. ಆಳುವವನು ದುಷ್ಟನಾಗಿದ್ದರೆ ಮಾತ್ರ ರಾಜ್ಯವು ಕೆಡುತ್ತದೆಂಬುದು ತಪ್ಪು ಭಾವನೆ. ಸಭ್ಯನೂ, ವಿದ್ವಾಂಸನೂ, ಮಾತೃಭಕ್ತನೂ, ತನ್ನ ತಪ್ಪನ್ನು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸಿನವನೂ ಆದ ಆಳುವವನ ಕೈಯಿಂದಲೂ ಅದು ಕೈಬಿಟ್ಟುಹೋಗಬಹುದು. ಮಾಡಬೇಕಾದುದನ್ನು ಮಾಡಬೇಕಾದ ದಿನ ಮಾಡದಿದ್ದರೆ ಸಾಕು. ಯಾವ ಊರಿನಲ್ಲಿಯೇ ಆಗಲಿ ಹೊಸದಾಗಿ ಒಂದು ಭವನದ ಅಡಿಗಲ್ಲನ್ನಿಡುವ ದಿನ ಅಧಿಕಾರಿಗಳೂ ಪುರಜನರೂ ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದಾದರೆ, ಅನಂತರ ಯಾರೂ ೨೦ ಟನ್ನಿನ ಕಲ್ಲಿನ ಮೇಲೆ ತಪ್ಪೊಪ್ಪಿಗೆಯನ್ನು ಬರೆಯಿಸಬೇಕಾಗಿ ಬರುವುದಿಲ್ಲ.